ಕೆರೆಯ ತಳದ ಅರಿವು

ನಮ್ಮ ಊರಿನ ಪಡುವಣ ಭಾಗದ ಕೆಂಗೇರಿ, ಉಲ್ಲಾಳ, ಮಲ್ಲತ್ತಹಳ್ಳಿಗಳ ಕೆರೆಗಳು ತಾವಾಗಿ ಹುಟ್ಟಿದ ಸರೋವರಗಳಲ್ಲ. ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಿದವು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯೂ ಹಾಗೆಯೇ. ಆದುದರಿಂದ ಇಂತಹ ಕೆರೆಗಳು ನೀರು ಬಂದು ಸೇರುವ ಕಡೆ ಆಳವಿಲ್ಲದೆಯೂ, ಏರಿಯ ಕಡೆ, ಅದರಲ್ಲಿಯೂ ತೂಬಿನ ಬಳಿ, ಆಳವಾಗಿಯೂ ಇರುವುದು ವಾಡಿಕೆ. ಹಳೆಯ ಹಳ್ಳದ ಪಾತ್ರವೂ ನಡುವೆ ತಗ್ಗಾಗಿ ಉಳಿದಿರಬಹುದು.

ಮೀನು ಹಿಡಿಯುವವನಿಗೆ ಈ ತಿಳಿವಳಿಕೆಯೇ ಅರ್ಧ ಬಲೆ. ಕಾಟ್ಲಾ ಮೇಲುನೀರಿನಲ್ಲಿಯೂ, ರೋಹು ನಡುನೀರಿನಲ್ಲಿಯೂ, ಮೃಗಾಲ್ ತಳದ ಕೆಸರಿನಲ್ಲಿಯೂ ಮೇವನ್ನು ಅರಸುವುವು. ಗಾಳವನ್ನು ಎಷ್ಟು ಆಳಕ್ಕೆ ಬಿಡಬೇಕೆಂಬುದನ್ನು ಇದರಿಂದಲೇ ಅರಿಯಬೇಕು.

ತಳವನ್ನು ಕಾಣುವ ಬಗೆ ಸುಲಭವಾದುದು. ಬೇಸಗೆಯಲ್ಲಿ ನೀರು ಇಳಿದಾಗ ಏರಿಯ ಮೇಲೆ ನಿಂತು ದಿಬ್ಬ, ಬಂಡೆ, ಗುಂಡಿಗಳನ್ನು ಕಾಗದದಲ್ಲಿ ಗುರುತಿಸಿಕೊಳ್ಳಬೇಕು. ನೀರು ತುಂಬಿದ ಮೇಲೆ, ಮೊಳಕ್ಕೊಂದು ಗಂಟು ಹಾಕಿದ ಹುರಿಗೆ ಕಲ್ಲು ಕಟ್ಟಿ ಇಳಿಬಿಟ್ಟು ಗಂಟುಗಳನ್ನೆಣಿಸಿದರೆ ಆಳವು ತಿಳಿಯುವುದು. ಕಲ್ಲಿಗೆ ಕೆಸರು ಮೆತ್ತಿ ಬಂದರೆ ತಳವು ಹೂಳೆಂದು ತಿಳಿಯಬೇಕು.

ಗೃಹಸ್ಥರು ಮುಖ್ಯವಾಗಿ ಗಮನಿಸಬೇಕಾದುದು ಬೇರೊಂದುಂಟು. ಹೂಳೆತ್ತುವಾಗ ತೋಡಿದ ಗುಂಡಿಗಳು ದಡದ ಸಮೀಪದಲ್ಲಿಯೂ ಇರಬಹುದು. ಮೊಣಕಾಲುದ್ದ ನೀರೆಂದು ನಂಬಿದ ಬಾಲಕನು ಮುಂದಿನ ಹೆಜ್ಜೆಯಲ್ಲಿ ಮುಳುಗಬಹುದು. ಮಕ್ಕಳನ್ನು ನೀರಿಗೆ ಇಳಿಯಗೊಡಬಾರದು. ಮೀನಿನ ಗುತ್ತಿಗೆಯುಳ್ಳ ಕೆರೆಯಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವುದೂ ತರವಲ್ಲ. ಕೊಳಚೆ ಸೇರುವ ನೀರಿನ ಮೀನನ್ನಂತೂ ಅಡಿಗೆಮನೆಗೆ ತರಲಾಗದು. ಮೀನು ಇಂದು ಸಿಕ್ಕದಿದ್ದರೆ ನಾಳೆ ಸಿಕ್ಕೀತು. ತಳವರಿಯದೆ ಇಳಿದವನಿಗೆ ನಾಳೆಯೆಂಬುದು ಇರಲಾರದು.