ಇಪ್ಪತ್ತೈದರ ಗಾಡಿ ಎಲ್ಲಿ ಓಡಬೇಕು?

ನವಲಗುಂದ, ಅಣ್ಣಿಗೇರಿ ಕಡೆ ಈಗ ಸದ್ದಿಲ್ಲದ ಸಣ್ಣ ಬ್ಯಾಟರಿ ಸ್ಕೂಟರುಗಳು ಕಾಣಿಸುತ್ತಿವೆ. "ಲೈಸನ್ಸ್ ಬ್ಯಾಡ, ಪಾಸಿಂಗ್ ಬ್ಯಾಡ, ಪೆಟ್ರೋಲ್ ಅಂತೂ ಬ್ಯಾಡೇ ಬ್ಯಾಡ್ರಿ" ಅನ್ನೋದು ಮಾರುವವರ ಮಾತು. ಮಾತೇನೂ ಸುಳ್ಳಲ್ಲ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ! ಹಾಗಾಗಿ ಆರ್‌ಟಿಒ ಇಲ್ಲ, ಇನ್ಶೂರೆನ್ಸ್ ಇಲ್ಲ, ಹೆಲ್ಮೆಟ್ಟೂ ಕಡ್ಡಾಯ ಇಲ್ಲ.

ಈ ಗಾಡಿಗಳು ಬೇಕು ಅನ್ನೋದೇ ನನ್ನ ಅಭಿಪ್ರಾಯ. ಸಂತೆಗೆ, ಬ್ಯಾಂಕಿಗೆ, ದವಾಖಾನೆಗೆ ಹೋಗಲು ಮಗ ಬೈಕ್ ತೆಗೆಯುವವರೆಗೆ ಕಾಯುವ ಅವ್ವಂದಿರಿಗೆ, ಗೇರ್ ಗಾಡಿ ಭಾರ ಅನ್ನಿಸಿದ ರಿಟೈರ್ಡ್ ಮಾಸ್ತರರಿಗೆ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ. ಆದರೆ ಕಾಗದದ ಮೇಲೆ ಮೋಟಾರು ವಾಹನ ಅಲ್ಲ, ಸರಿ... ಡಾಂಬರಿನ ಮೇಲೆ ಏನು?

"ಸೈಡಿಗೆ ಹೋಗ್ಲಿ ಬಿಡ್ರಿ" ಅಂತಾರೆ. ಯಾವ ಸೈಡು ಸ್ವಾಮಿ? ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ಡಾಂಬರಿನಿಂದ ಗಾಲಿ ಕೆಳಗಿಳಿದರೆ ರಾಡಿಯಲ್ಲಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಸುಗ್ಗಿಯಲ್ಲಿ ಅಂಚಿನುದ್ದಕ್ಕೂ ಗೋವಿನಜೋಳ ಒಣಹಾಕಿರುತ್ತಾರೆ. ಹುಬ್ಬಳ್ಳಿಗೆ ಹೋದರೆ ನಡುವಿನ ದಾರಿ ಚಿಗರಿ ಬಸ್ಸಿಗೆ ಮೀಸಲು, ಎಡಕ್ಕೆ ನಿಂತ ಕಾರು, ಆಟೋ.

ಇನ್ನು ಕೆಲವರು "ಇವು ರಸ್ತೆಗೇ ಬರಬಾರದು" ಅಂತಾರೆ. ಹಾಗಾದರೆ ಚಕ್ಕಡಿ? ಹತ್ತಿ ಹೇರಿದ ಟ್ರ್ಯಾಕ್ಟರ್? ನಿಧಾನ ಅನ್ನೋ ಕಾರಣಕ್ಕೆ ಅವನ್ನು ನಮ್ಮ ಊರ ರಸ್ತೆಗಳಿಂದ ಯಾರೂ ಓಡಿಸಿಲ್ಲ. ವ್ಯತ್ಯಾಸ ಇಷ್ಟೇ: ಹತ್ತಿ ಟ್ರ್ಯಾಕ್ಟರ್ ಹರದಾರಿಯಿಂದ ಕಾಣುತ್ತದೆ, ಈ ಸ್ಕೂಟರು ಹತ್ತಿರ ಬಂದ ಮೇಲೆ ಕಾಣುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ (ಇಂಜಿನಿಯರ ಚಟ, ಕ್ಷಮಿಸಿ). 2018ರ ಕೇಂದ್ರದ ಅಧಿಸೂಚನೆಯಂತೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿನ ಗರಿಷ್ಠ ವೇಗ 100. ಮುಂದೆ 25ರಲ್ಲಿ ಸ್ಕೂಟರಿದ್ದರೆ 100 ಮೀಟರ್ ಅಂತರ ಕರಗಲು 5 ಸೆಕೆಂಡೂ ಬೇಡ. ಕಾರು 70ರಲ್ಲಿದ್ದರೆ 8 ಸೆಕೆಂಡು. ಅದೇ ಕಾರು 30ರಲ್ಲಿ ಬಂದರೆ? 72 ಸೆಕೆಂಡು! ಅಪಾಯ ಇರೋದು ನಿಧಾನದಲ್ಲಿ ಅಲ್ಲ, ಎರಡು ಗಾಡಿಗಳ ವೇಗದ ಅಂತರದಲ್ಲಿ.

ಆಮ್‌ಸ್ಟರ್‌ಡ್ಯಾಮಿನಲ್ಲೂ ಇದೇ ತಕರಾರು ಇತ್ತು. ಅಲ್ಲಿ 25 ಕಿ.ಮೀ. ಮಿತಿಯ ಹಗುರ ಮೊಪೆಡ್‌ಗಳು ಸೈಕಲ್ ಹಾದಿಯಲ್ಲಿ ನುಗ್ಗಿ ಸೈಕಲಿನವರಿಗೆ ಕಾಟವಾಗಿದ್ದವು. 2019ರ ಏಪ್ರಿಲ್‌ನಲ್ಲಿ ವರ್ತುಲ ರಸ್ತೆಯ ಒಳಭಾಗದಲ್ಲಿ ಅವನ್ನು ಕಾರುಗಳ ರಸ್ತೆಗೇ ಕಳಿಸಿ ಹೆಲ್ಮೆಟ್ ಕಡ್ಡಾಯ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಊರಿನ ಬಹುತೇಕ ರಸ್ತೆಗಳ ವೇಗಮಿತಿಯನ್ನೇ 30ಕ್ಕೆ ಇಳಿಸಿದರು. ನಿಧಾನದ ಗಾಡಿಯನ್ನು ಓಡಿಸಲಿಲ್ಲ, ಜೋರಿನ ಗಾಡಿಯನ್ನು ತಡೆದರು.

ನಮ್ಮ ತಾಲ್ಲೂಕು ಊರುಗಳಿಗೂ ನಾನು ಹೇಳೋದು ಅದನ್ನೇ. ಹೆದ್ದಾರಿ ಊರೊಳಗೆ ಹಾಯ್ದರೆ ಅಲ್ಲಿ ಅದು ಹೆದ್ದಾರಿ ಅಲ್ಲ, ಪೇಟೆ ಬೀದಿ. ಅಷ್ಟು ದೂರ ಎಲ್ಲರಿಗೂ 30. ಬರೀ ಬೋರ್ಡು ಹಾಕಿದರೆ ಯಾರೂ ನೋಡಲ್ಲ, ಬಣ್ಣ ಬಳಿದ ಸರಿಯಾದ ಹಂಪ್ ಬೇಕು. ನಾಲ್ಕು ಪಥದ ಮುಖ್ಯ ರಸ್ತೆಗೆ ಈ ಗಾಡಿಗಳು ಖಂಡಿತ ಬೇಡ. ಆದರೆ ಹಾಗೆ ಹೇಳುವ ಮೊದಲು ಸರ್ವಿಸ್ ರಸ್ತೆಯನ್ನು ಊರ ಅಗಸಿಗೇ ಮುಗಿಸದೆ ಪಕ್ಕದ ಹಳ್ಳಿಯವರೆಗೆ ಒಯ್ಯಬೇಕು. ಚಕ್ಕಡಿಗೂ ಅದೇ ದಾರಿಯಾದೀತು. ಹೆಲ್ಮೆಟ್, ಹಿಂದೆ ದೊಡ್ಡ ರಿಫ್ಲೆಕ್ಟರ್ ಕಡ್ಡಾಯವಾಗಲಿ. ಬಿದ್ದರೆ ತಲೆಗೆ ಕಾಯ್ದೆಯ ವ್ಯಾಖ್ಯೆ ಗೊತ್ತಾಗೋದಿಲ್ಲವಲ್ಲ!

ಇನ್ನೊಂದು ಮಾತು. ಕೆಲವು ಗಾಡಿಗಳಲ್ಲಿ ಕಂಟ್ರೋಲರಿನ ಒಂದು ವೈರ್ ಬಿಚ್ಚಿದರೆ ವೇಗದ ಮಿತಿಯೇ ಹೋಗುತ್ತದೆ. ಹಾಗೆ ಬಿಚ್ಚಿಸಿಕೊಂಡು 40ರಲ್ಲಿ ಓಡಿಸುವವರು ರಿಯಾಯಿತಿಯನ್ನೂ ಬಿಟ್ಟುಕೊಡಬೇಕು. ಪಾಸಿಂಗ್ ಮಾಡಿಸಲಿ, ಲೈಸನ್ಸ್ ಇಟ್ಟುಕೊಳ್ಳಲಿ. ಇಲ್ಲದಿದ್ದರೆ ಇವರ ಹೆಸರಲ್ಲಿ ನಾಳೆ ಅವ್ವಂದಿರ ಗಾಡಿಗೂ ಕುತ್ತು ಬರುತ್ತದೆ.

ನಿಮ್ಮ ಊರಲ್ಲಿ ಈ ಗಾಡಿಯವರಿಗೆ ಯಾವ ಸೈಡು ತೋರಿಸ್ತಾರೆ? ಆ ಸೈಡಲ್ಲಿ ನಿಜಕ್ಕೂ ದಾರಿ ಇದೆಯಾ?