ಎದೆ ಹೊಡೆದುಕೊಂಡರೆ ಚಹಾದ್ದೇ ತಪ್ಪೇ?

‘ಚಹಾ ಬಿಟ್ಟು ಮೂರು ತಿಂಗಳಾತ್ರಿ ಹಕೀಮ ಸಾಬ್, ಆದ್ರೂ ಎದಿ ಧಡಧಡ ಹೊಡ್ಕೋತದ’ ಎಂದರು ಮುದ್ದೇಬಿಹಾಳದ ಕಡೆಯ ಒಬ್ಬ ತಾಯಿ. ನಾಡಿ ಹಿಡಿದೆ. ನಿಮಿಷಕ್ಕೆ 110. ಕಣ್ಣಿನ ಕೆಳರೆಪ್ಪೆ ಬಿಳಿಚಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7. ತಪ್ಪನ್ನು ಚಹಾದ ಮೇಲೆ ಹೊರಿಸಿ ಮೂರು ತಿಂಗಳು ಕಳೆದಿದ್ದರು.

ಇಂಡಿ, ಸಿಂದಗಿ, ಬಸವನ ಬಾಗೇವಾಡಿಯಿಂದ ಬರುವವರ ಬಾಯಲ್ಲೂ ಇದೇ ಮಾತು. ಅದು ಪೂರ್ತಿ ಸುಳ್ಳಲ್ಲ. ಚಹಾ, ಕಾಫಿಯಲ್ಲಿರುವ ಕೆಫೀನ್ ನರಗಳನ್ನು ಚುರುಕುಗೊಳಿಸುತ್ತದೆ, ರಕ್ತದೊತ್ತಡವನ್ನು ಸ್ವಲ್ಪ ಹೊತ್ತು ಏರಿಸುತ್ತದೆ. ಆದರೆ ದಿನವೂ ಕುಡಿಯುವವರ ಮೈ ಅದಕ್ಕೆ ಒಗ್ಗಿರುತ್ತದೆ. ಒಂದು ಕಪ್ಪಿನಿಂದ ಅವರ ನಾಡಿ ಹೆಚ್ಚು ಬದಲಾಗದಿರುವುದೇ ಸಾಮಾನ್ಯ. ನಿಮ್ಮ ಮೈಯ ಸಂಗತಿ ಏನು? ನಾನು ಹೇಳಿದೆನೆಂದು ನಂಬುವುದೂ ಬೇಡ, ಎಣಿಸಿ ನೋಡಿ.

ಮದ್ದಿನ ಗುಣವನ್ನು ತಜ್ರಿಬಾದಿಂದ, ಅಂದರೆ ಪ್ರಯೋಗದಿಂದ ಅರಿಯಲು ಇಬ್ನು ಸೀನಾ ಅವರು ‘ಅಲ್ ಕಾನೂನ್’ ಗ್ರಂಥದಲ್ಲಿ ಷರತ್ತುಗಳನ್ನು ಹಾಕಿದ್ದಾರೆ. ಅವುಗಳಲ್ಲೊಂದು: ಮದ್ದಿಗೆ ಹೊರಗಿನ ಗುಣ ಸೇರಿರಬಾರದು. ನೀರಿನ ಸ್ವಭಾವ ತಂಪು, ಆದರೆ ಕಾಯಿಸಿದ ನೀರು ಮೈಯನ್ನು ಬಿಸಿ ಮಾಡುತ್ತದೆ. ಸಾವಿರ ವರ್ಷ ಹಳೆಯ ಈ ಎಚ್ಚರ ನಮ್ಮ ಚಹಾಕ್ಕೂ ಬೇಕು. ಕುಡಿದ ಮೇಲೆ ನಾಡಿ ಏರಿದರೆ ಕಾರಣ ಕೆಫೀನೋ, ಬಿಸಿಯೋ, ಹಾಲು-ಸಕ್ಕರೆಯೋ?

ಆದ್ದರಿಂದ ಒಂದು ದಿನ ಚಹಾ, ಮರುದಿನ ಅಷ್ಟೇ ಬಿಸಿಯ, ಅಷ್ಟೇ ಹಾಲು-ಸಕ್ಕರೆ ಹಾಕಿದ ನೀರು. ಚಹಾಪುಡಿ ಮಾತ್ರ ಬೇಡ. ಹೀಗೆ ಆರೆಂಟು ದಿನ ಮಾಡಿ. ಬೆಳಿಗ್ಗೆ ನಾಷ್ಟಾಕ್ಕೆ ಮೊದಲು ಹತ್ತು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಕುಡಿದು ಅರ್ಧ ಗಂಟೆಗೊಮ್ಮೆ, ಒಂದು ಗಂಟೆಗೊಮ್ಮೆ ಮತ್ತೆ ಎಣಿಸಿ ಬರೆದಿಡಿ. ಆ ಒಂದು ಗಂಟೆ ಕುಳಿತೇ ಇರಬೇಕು, ಬಕೆಟ್ ಎತ್ತುತ್ತಾ ಎಣಿಸಿದರೆ ಲೆಕ್ಕ ಕೆಟ್ಟಿತು! ಶಾಲೆಗೆ ಹೋಗುವ ಮಕ್ಕಳಿಗೆ ಲೆಕ್ಕ ಬರೆಯುವ ಕೆಲಸ ಕೊಡಿ, ಚಹಾ ಕೊಡಬೇಡಿ. ರಮಝಾನಿನಲ್ಲಿ ಇಫ್ತಾರ್ ಹೊತ್ತಿಗೆ ಈ ಪರೀಕ್ಷೆ ಬೇಡ. ದಿನವಿಡೀ ಹಸಿದ ಹೊಟ್ಟೆಗೆ ಊಟ ಬಿದ್ದರೆ ನಾಡಿ ಹೇಗೂ ಏರುತ್ತದೆ.

ಎರಡೂ ಬಗೆಯ ದಿನಗಳ ಲೆಕ್ಕ ಹೆಚ್ಚುಕಡಿಮೆ ಒಂದೇ ಬಂದರೆ ಚಹಾವನ್ನು ದೂರಬೇಡಿ. ಚಹಾದ ದಿನಗಳಲ್ಲೇ ಏರಿದರೆ ಕಡಿಮೆ ಮಾಡಿ, ಒಮ್ಮೆಲೇ ಬಿಟ್ಟರೆ ತಲೆನೋವು ಬರಬಹುದು.

ಸುಮ್ಮನೆ ಕುಳಿತಾಗಲೂ ನಾಡಿ 100 ದಾಟುತ್ತಿದ್ದರೆ, ತಾಳ ತಪ್ಪುತ್ತಿದ್ದರೆ, ಎದೆನೋವು, ಉಸಿರುಗಟ್ಟುವುದು, ತಲೆಸುತ್ತು ಇದ್ದರೆ ಈ ಪರೀಕ್ಷೆಗೆ ಕೂರಬೇಡಿ. ಕೂಡಲೇ ವೈದ್ಯರಲ್ಲಿಗೆ ಹೋಗಿ. ಇಸಿಜಿ, ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅಲ್ಲಿ ನನ್ನ ಯುನಾನಿ, ಅವರ ಅಲೋಪತಿ ಎಂಬ ಜಗಳ ಬೇಡ.

ಆ ತಾಯಿಯ ವಿಷಯದಲ್ಲಿ ಚಹಾ ಪೂರ್ತಿ ನಿರಪರಾಧಿಯೂ ಆಗಿರಲಿಕ್ಕಿಲ್ಲ. ವರ್ಷಗಟ್ಟಲೆ ರೊಟ್ಟಿಯ ಜೊತೆಗೇ ಚಹಾ ಕುಡಿದವರು ಅವರು. ಊಟದ ಜೊತೆ ಕುಡಿದ ಚಹಾ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಕಬ್ಬಿಣದ ಗುಳಿಗೆ ತೆಗೆದುಕೊಂಡು ಈಗ ಅವರ ನಾಡಿ 84ಕ್ಕೆ ಬಂದಿದೆ. ಚಹಾ ಮತ್ತೆ ಶುರುಮಾಡಿದ್ದಾರೆ, ಊಟವಾಗಿ ಒಂದು ಗಂಟೆ ಬಿಟ್ಟು.