ಪ್ರಾಣವಾಯುವಿನ ಇನ್ನೊಂದು ಮುಖ

ಹಿಂದಿನ ಸಂಚಿಕೆಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ಬರೆದಿದ್ದೆ. ನಮ್ಮ ಕೂಟದ ಪಿಕ್ನಿಕ್‌ಗಳಲ್ಲಿ ಪುಳಿಯೋಗರೆಯ ತಟ್ಟೆ ಕೈಯಲ್ಲಿರುವಾಗಲೇ ನನಗೆ ಎದುರಾಗುವ ಪ್ರಶ್ನೆ ಮಾತ್ರ ಬೇರೆಯೇ: "ಡಾಕ್ಟ್ರೇ, ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡ್ರೆ ಒಳ್ಳೇದಾ?" ಹೌದು ಅಥವಾ ಇಲ್ಲ ಎಂದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಹಾಗಾಗಿ ಈ ಸಲ ಒಬ್ಬ ವಿಜ್ಞಾನಿಯ ಕಥೆ ಹೇಳುತ್ತೇನೆ. ಉತ್ತರ ಅದರಲ್ಲೇ ಇದೆ.

ಆಮ್ಲಜನಕವನ್ನು ನಾವು ಪ್ರಾಣವಾಯು ಎನ್ನುತ್ತೇವೆ. ಆದರೆ ದೀಪ ಉರಿಸುವುದೂ ಅದೇ, ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ ಅದೇ. ನಮ್ಮ ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಪುಟ್ಟ ಒಲೆಗಳಲ್ಲಿ ಆಹಾರ ಉರಿದು ಶಕ್ತಿ ಹುಟ್ಟುತ್ತದೆ. ಈ ಉರಿಯಲ್ಲಿ ಆಮ್ಲಜನಕದ ಅಣು ನಾಲ್ಕು ಎಲೆಕ್ಟ್ರಾನ್‌ಗಳನ್ನು ಪಡೆದು ನೀರಾಗಬೇಕು. ಒಮ್ಮೊಮ್ಮೆ ಒಂದೇ ಒಂದು ಎಲೆಕ್ಟ್ರಾನ್ ಸಿಕ್ಕು ಅರ್ಧಕ್ಕೇ ನಿಂತುಬಿಡುತ್ತದೆ. ಒಲೆಯಿಂದ ಸಿಡಿದ ಆ ಕಿಡಿಗೆ ಸೂಪರ್‌ಆಕ್ಸೈಡ್ ಎಂದು ಹೆಸರು. ಇಂಥ ಕಿಡಿಗಳು ದೇಹದ ರಕ್ಷಣೆಯನ್ನು ಮೀರಿದಾಗ ಆಗುವ ಹಾನಿಯೇ ಆಕ್ಸಿಡೇಟಿವ್ ಸ್ಟ್ರೆಸ್.

1960ರ ದಶಕದಲ್ಲಿ ಈ ಕಿಡಿ ಜೀವಿಗಳ ದೇಹದಲ್ಲಿ ಹುಟ್ಟುತ್ತದೆ ಎಂದರೆ ಹೆಚ್ಚಿನವರು ನಂಬುತ್ತಿರಲಿಲ್ಲ. ನಂಬಿಸಿದವರು ಅರ್ವಿನ್ ಫ್ರಿಡೊವಿಚ್. 1929ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಅಲ್ಲಿನ ಸಿಟಿ ಕಾಲೇಜಿನಲ್ಲಿ ಓದಿ, ನಾರ್ತ್ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1955ರಲ್ಲಿ ಪಿಎಚ್‌ಡಿ ಪಡೆದರು. ಆಮೇಲೆ ಆ ಊರು ಬಿಡಲಿಲ್ಲ. ನಮ್ಮ ಮಕ್ಕಳು ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವುದನ್ನು ನೋಡುವ ನಮಗೆ, ಒಂದೇ ವಿಶ್ವವಿದ್ಯಾಲಯದಲ್ಲಿ ಒಂದೇ ಅಣುವಿನ ಬೆನ್ನು ಹತ್ತಿ ಅರ್ಧ ಶತಮಾನ ಕಳೆದವರ ಕಥೆ ವಿಚಿತ್ರವೆನಿಸಬಹುದು.

ಅವರು ಅಭ್ಯಾಸ ಮಾಡುತ್ತಿದ್ದುದು ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು. ಆ ಪ್ರಯೋಗಕ್ಕೆ ಮಯೋಗ್ಲೋಬಿನ್‌ನಂಥ ಕೆಲವು ಪ್ರೋಟೀನುಗಳನ್ನು ಬೆರೆಸಿದರೆ ಸೈಟೋಕ್ರೋಮ್ ಸಿ ಜೊತೆಗಿನ ಕ್ರಿಯೆ ನಿಲ್ಲುತ್ತಿತ್ತು. ಆ ಪ್ರೋಟೀನುಗಳು ಕಿಣ್ವಕ್ಕೆ ಅಂಟಿಕೊಂಡು ತಡೆಯುತ್ತವೆ ಎಂದು ಫ್ರಿಡೊವಿಚ್ ವಿವರಣೆ ಕೊಟ್ಟಿದ್ದರು. ಆಮೇಲೆ ಜೋ ಮೆಕಾರ್ಡ್ ಎಂಬ ವಿದ್ಯಾರ್ಥಿ ಪಿಎಚ್‌ಡಿಗೆ ಬಂದು ಸೇರಿದ. ಅವನು ಅಳೆದು ನೋಡಿದರೆ ಅಂಟಿಕೊಳ್ಳುವುದೇ ಇಲ್ಲ! ಹಾಗಾದರೆ ತಡೆಯುತ್ತಿದ್ದದ್ದು ಯಾವುದು? ಬಾಟಲಿಯಲ್ಲಿದ್ದ ಪ್ರೋಟೀನಿನ ಜೊತೆ ಕಲಬೆರಕೆಯಾಗಿ ಬಂದಿದ್ದ ಇನ್ನೊಂದು ಪದಾರ್ಥ. ಕಿಣ್ವದಿಂದ ಹೊರಬರುತ್ತಿದ್ದ ಸೂಪರ್‌ಆಕ್ಸೈಡನ್ನು ಅದು ನುಂಗಿಹಾಕುತ್ತಿತ್ತು. ವಿದ್ಯಾರ್ಥಿ ತಮ್ಮ ವಿವರಣೆಯನ್ನೇ ಕೆಡವಿದಾಗ ಗುರುಗಳು ಮುನಿಸಿಕೊಳ್ಳಲಿಲ್ಲ, ಇಬ್ಬರೂ ಸೇರಿ ಆ ಕಲಬೆರಕೆಯನ್ನೇ ಹುಡುಕಿದರು.

ದನದ ರಕ್ತದಿಂದ ಅದನ್ನು ಶುದ್ಧೀಕರಿಸಿದಾಗ ದೊರೆತದ್ದು ತಾಮ್ರವಿರುವ ಒಂದು ಹಸಿರು-ನೀಲಿ ಪ್ರೋಟೀನು. ತಮಾಷೆಯೆಂದರೆ ಅದು 1938ರಿಂದಲೂ ಎಲ್ಲರಿಗೂ ಗೊತ್ತಿತ್ತು. ತಾಮ್ರವನ್ನು ಶೇಖರಿಸಿಡುವ ಉಗ್ರಾಣವಿರಬೇಕು ಎಂದುಕೊಂಡಿದ್ದರು. ಅದರ ನಿಜವಾದ ಕೆಲಸವನ್ನು ಇವರು 1969ರಲ್ಲಿ ಪ್ರಕಟಿಸಿ, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಚಿಕ್ಕದಾಗಿ ಎಸ್‌ಒಡಿ, ಎಂದು ಹೆಸರಿಟ್ಟರು. ಮುಂದಿನ ನಾಲ್ಕು ವರ್ಷಗಳಲ್ಲಿ ಬ್ಯಾಕ್ಟೀರಿಯಾದಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಎಸ್‌ಒಡಿಗಳು, ಮೈಟೋಕಾಂಡ್ರಿಯಾದಲ್ಲೂ ಮ್ಯಾಂಗನೀಸಿನ ಎಸ್‌ಒಡಿ ಸಿಕ್ಕವು. ಎಸ್‌ಒಡಿ ಕಿಡಿಯನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ, ಕೆಟಲೇಸ್ ಮೊದಲಾದ ಕಿಣ್ವಗಳು ಅದನ್ನು ನೀರಾಗಿಸುತ್ತವೆ. ನಮ್ಮೊಳಗೇ ಹಗಲೂ ರಾತ್ರಿ ದುಡಿಯುವ ಅಗ್ನಿಶಾಮಕ ದಳ ಇದು.

ಹಾಗೆಂದು ಎಲ್ಲರೂ ಒಪ್ಪಿಬಿಡಲಿಲ್ಲ. ಸೂಪರ್‌ಆಕ್ಸೈಡ್ ಅಷ್ಟೇನೂ ಉಗ್ರವಾದ ಅಣುವಲ್ಲ, ಅದರಿಂದ ಜೀವಕ್ಕೆ ಅಪಾಯ ಹೇಗೆ ಎಂದು 1980ರ ದಶಕದಲ್ಲಿ ಕೆಲವು ರಸಾಯನ ವಿಜ್ಞಾನಿಗಳು ಜೋರಾಗಿಯೇ ವಾದಿಸಿದರು. ಉತ್ತರ ಬಂದದ್ದು ಪ್ರಯೋಗದಿಂದ. 1986ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಎಸ್‌ಒಡಿ ಜೀನ್‌ಗಳಿಲ್ಲದ ಬ್ಯಾಕ್ಟೀರಿಯಾ ಬೆಳೆಸಿದರು. ಗಾಳಿಯಿಲ್ಲದೆಡೆ ಅದು ಚೆನ್ನಾಗಿಯೇ ಬೆಳೆಯಿತು; ಗಾಳಿಯಲ್ಲಿ ಮಾತ್ರ ಅಮೈನೋ ಆಮ್ಲಗಳನ್ನು ಹೊರಗಿನಿಂದ ಉಣಿಸದೆ ಬೆಳೆಯಲಾರದಾಯಿತು. 1995ರಲ್ಲಿ ಮೈಟೋಕಾಂಡ್ರಿಯಾದ ಎಸ್‌ಒಡಿ ಇಲ್ಲದೆ ಹುಟ್ಟಿದ ಇಲಿಮರಿಗಳು ಹತ್ತು ದಿನಗಳೊಳಗೆ ಹೃದಯ ದುರ್ಬಲವಾಗಿ ಸತ್ತವು. ವಾದ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಫ್ರಿಡೊವಿಚ್ 2019ರಲ್ಲಿ ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಮಾತ್ರೆ ಮಾರುವವರ ಜಾಹೀರಾತಾಗುತ್ತದೆ: ಕಿಡಿ ಕೆಟ್ಟದ್ದು, ಕಿಡಿ ನಂದಿಸುವ ಮಾತ್ರೆ ನುಂಗಿ! ಆದರೆ 1973ರಲ್ಲೇ ಬರ್ನಾರ್ಡ್ ಬೇಬಿಯರ್ ಮತ್ತು ಸಂಗಡಿಗರು, ನಮ್ಮ ಬಿಳಿ ರಕ್ತಕಣಗಳು ಬೇಕೆಂದೇ ಸೂಪರ್‌ಆಕ್ಸೈಡ್ ತಯಾರಿಸುತ್ತವೆ ಎಂದು ತೋರಿಸಿದ್ದರು. ಒಳನುಗ್ಗಿದ ರೋಗಾಣುಗಳ ವಿರುದ್ಧ ಅದೇ ಅವುಗಳ ಆಯುಧ. ಅದನ್ನು ತಯಾರಿಸಲಾಗದ ಮಕ್ಕಳಿಗೆ ಪದೇಪದೇ ತೀವ್ರ ಸೋಂಕುಗಳಾಗುತ್ತವೆ. ಕಿಡಿ ಶತ್ರುವೂ ಹೌದು, ಮಿತ್ರನೂ ಹೌದು. ಒಲೆಯಲ್ಲಿ ಬೆಂಕಿಯೇ ಬೇಡವೆಂದರೆ ಅನ್ನ ಬೇಯುವುದೆಲ್ಲಿ?

ಮಾತ್ರೆಗಳ ಪರೀಕ್ಷೆಯೂ ನಡೆಯಿತು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೋಟೀನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು! ಅಮೆರಿಕದಲ್ಲಿ ಇಂಥದೇ ಇನ್ನೊಂದು ಅಧ್ಯಯನದಲ್ಲಿ ಶೇಕಡಾ 28ರಷ್ಟು ಹೆಚ್ಚಳ ಕಂಡು, 1996ರಲ್ಲಿ ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಮೂವತ್ತೈದು ಸಾವಿರಕ್ಕೂ ಹೆಚ್ಚು ಗಂಡಸರಿದ್ದ ಮತ್ತೊಂದು ಅಧ್ಯಯನದಲ್ಲಿ, ದಿನಕ್ಕೆ 400 ಯೂನಿಟ್ ವಿಟಮಿನ್ ಇ ತೆಗೆದುಕೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚೆಂದು 2011ರಲ್ಲಿ ತಿಳಿಯಿತು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಯಾವ ಪ್ರಯೋಗಶಾಲೆಯೂ ಇಲ್ಲದೆ ಹೇಳಿದ್ದರು.

ಇದನ್ನು ಬರೆಯಲು ಒಂದು ಕಾರಣವಿದೆ. ಊರಿಗೆ ಹೊರಟಾಗ ನಮ್ಮ ಸೂಟ್‌ಕೇಸುಗಳಲ್ಲಿ ಬಾದಾಮಿ, ಚಾಕೊಲೇಟ್ ಜೊತೆಗೆ ದೊಡ್ಡ ದೊಡ್ಡ ವಿಟಮಿನ್ ಡಬ್ಬಿಗಳೂ ಇರುತ್ತವೆ. ಹತ್ತು ಸಾವಿರ ಮೈಲಿ ದೂರದಲ್ಲಿರುವ ಅಪ್ಪ ಅಮ್ಮನಿಗೆ ನಾವು ಮಾಡಬಹುದಾದ ಸೇವೆ ಅದೊಂದೇ ಅನ್ನಿಸುತ್ತದೆ. ಆ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಲವತ್ತು ವರ್ಷ ಬೀಡಿ ಸೇದಿದ ಅಪ್ಪನಿಗೆ ಬೀಟಾ ಕೆರೋಟೀನ್ ಡಬ್ಬಿ ಒಯ್ದರೆ, ಪ್ರೀತಿಯಿಂದಲೇ ಅಪಾಯವನ್ನು ಹೊತ್ತೊಯ್ದಂತೆ. ಅದಕ್ಕಿಂತಲೂ, "ಮಗ ಅಮೆರಿಕದಿಂದ ಮಾತ್ರೆ ತಂದಿದ್ದಾನೆ, ಇನ್ನೇನು ಭಯ" ಎಂದು ಅವರು ಬೀಡಿ ಬಿಡದೇ ಇರುವುದು ದೊಡ್ಡ ನಷ್ಟ.

ಹಾಗಾದರೆ ಏನು ಮಾಡಬೇಕು?

1. ಧೂಮಪಾನ ಮಾಡುವವರು, ಹಿಂದೆ ಮಾಡಿದವರು ಬೀಟಾ ಕೆರೋಟೀನ್ ಮಾತ್ರೆಯನ್ನು ಮುಟ್ಟಬೇಡಿ. ಕ್ಯಾರೆಟ್, ಪಪ್ಪಾಯಿ, ನುಗ್ಗೆಸೊಪ್ಪು ಧಾರಾಳವಾಗಿ ತಿನ್ನಿ. ಪಲ್ಯಕ್ಕೂ ಮಾತ್ರೆಗೂ ವ್ಯತ್ಯಾಸವಿದೆ.

2. ಕ್ಯಾನ್ಸರ್, ಹೃದ್ರೋಗ ತಡೆಯಲೆಂದು ವಿಟಮಿನ್ ಇ ಅಥವಾ ಬೀಟಾ ಕೆರೋಟೀನ್ ಬೇಡವೆಂದು ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ.

3. ಅಂಗಡಿಯಲ್ಲಿ ಎಸ್‌ಒಡಿ ಮಾತ್ರೆ ಕಂಡರೆ ಮರುಳಾಗಬೇಡಿ. ಅದು ಪ್ರೋಟೀನು. ಹಾಗೇ ನುಂಗಿದರೆ ಹೊಟ್ಟೆಯಲ್ಲಿ ಬೇಳೆಯಂತೆ ಜೀರ್ಣವಾಗುತ್ತದೆ.

4. ಕಣ್ಣಿನ ಮ್ಯಾಕ್ಯುಲಾ ಸವೆತ ಮಧ್ಯಮ ಹಂತದಲ್ಲಿದ್ದರೆ ಕಣ್ಣಿನ ವೈದ್ಯರು ಒಂದು ವಿಶೇಷ ವಿಟಮಿನ್ ಮಿಶ್ರಣ ಬರೆದುಕೊಡಬಹುದು. ಅದು ಪರೀಕ್ಷೆಯಲ್ಲಿ ಗೆದ್ದ ಔಷಧಿ, ನೀವಾಗಿಯೇ ನಿಲ್ಲಿಸಬೇಡಿ. ಹಾಗೆಯೇ ಬಿ12, ಡಿ ವಿಟಮಿನ್ ಕೊರತೆಯೆಂದು ಕೊಟ್ಟ ಮಾತ್ರೆಗಳ ವಿಷಯವೇ ಬೇರೆ.

5. ಊರಿಗೆ ಹೋದಾಗ ಅಪ್ಪ ಅಮ್ಮನ ಜೊತೆ ಬೆಳಿಗ್ಗೆ ವಾಕಿಂಗ್ ಹೋಗಿ. ವ್ಯಾಯಾಮದಲ್ಲಿ ಹುಟ್ಟುವ ಅಲ್ಪಸ್ವಲ್ಪ ಕಿಡಿಗಳು ನಮ್ಮೊಳಗಿನ ಅಗ್ನಿಶಾಮಕ ದಳಕ್ಕೆ ಕವಾಯತಿನಂತೆ. ಅದರ ಬಲ ಹೆಚ್ಚುವುದೇ ಹಾಗೆ.

ಫ್ರಿಡೊವಿಚ್ ಜೀವನವಿಡೀ ಹುಡುಕಿದ ರಕ್ಷಕ ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಬಿಟ್ಟಿಯಾಗಿ ದುಡಿಯುತ್ತಿದ್ದಾನೆ. ಸಿಗರೇಟು ಬಿಟ್ಟು, ಹೊತ್ತಿಗೆ ಸರಿಯಾಗಿ ಉಂಡು, ನಿದ್ದೆ ಮಾಡಿ ಅವನ ಹೊರೆ ಇಳಿಸೋಣ. ಮುಂದಿನ ಸಂಚಿಕೆಯಲ್ಲಿ ಮೊಣಕಾಲು ನೋವಿನ ಬಗ್ಗೆ ಮಾತನಾಡೋಣ. ಅಲ್ಲಿಯವರೆಗೆ, ಸರ್ವೇ ಜನಾಃ ಸುಖಿನೋ ಭವಂತು.